ತುಂಬು ಬಸುರಿಗೆ ಬಂದ ನೌಕರಿಯ ಕಾಗದ

ನೌಕರಿಯ ಕಾಗದ ಪಂಚಾಂಗ ನೋಡಿಕೊಂಡು ಬರುವುದಿಲ್ಲ. ಪರೀಕ್ಷೆ ಬರೆದು ವರ್ಷವಾಗಿ, ಸಂದರ್ಶನ ಮುಗಿದು ಆರು ತಿಂಗಳಾಗಿ, ಮನೆಯವರೆಲ್ಲ ಅದರ ಆಸೆಯನ್ನು ಬಿಟ್ಟು ಕುಳಿತಿರುವಾಗ ಒಂದು ದಿನ ಅದು ತಟ್ಟನೆ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಆ ಹೊತ್ತಿಗೆ ಮನೆಯ ಸೊಸೆಗೆ ಆರು ತುಂಬಿ ಏಳರಲ್ಲಿ ಬಿದ್ದಿರುತ್ತದೆ. ಇಂಥ ದಿನದೊಳಗಾಗಿ ಕೆಲಸಕ್ಕೆ ಹಾಜರಾಗತಕ್ಕದ್ದು, ಇಲ್ಲವಾದರೆ ನೇಮಕವು ರದ್ದಾಗುವುದೆಂದು ಕಾಗದದ ಕೊನೆಯಲ್ಲಿ ಬರೆದಿರುತ್ತದೆ. ಸಂತೋಷಪಡಬೇಕೋ ಚಿಂತೆಪಡಬೇಕೋ ತಿಳಿಯದೆ ಮನೆಯವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಊರಿನಲ್ಲಿದ್ದರೆ ಇದನ್ನು ಬಿಡಿಸಿ ಹೇಳಲು ಹತ್ತು ಜನ ಹಿರಿಯರಿರುತ್ತಿದ್ದರು. ಧಾರವಾಡ, ಉಡುಪಿ, ಹಾಸನಗಳನ್ನು ಬಿಟ್ಟು ಮುಂಬಯಿಯ ಎರಡು ಕೋಣೆಯ ಮನೆಯಲ್ಲಿ ಸಂಸಾರ ಹೂಡಿದ ನಮ್ಮಂಥವರಿಗೆ ದೂರವಾಣಿಯಲ್ಲಿ ಬರುವ ಬುದ್ಧಿವಾದವೇ ಗತಿ. ನಾವು ವೃತ್ತಿಯಿಂದ ಸರ್ಕಾರಿ ಕಚೇರಿಯೊಂದರ ಸಿಬ್ಬಂದಿ ಶಾಖೆಯಲ್ಲಿ ಗುಮಾಸ್ತೆ. ನೇಮಕದ ಕಾಗದಗಳೂ ಹೆರಿಗೆ ರಜೆಯ ಅರ್ಜಿಗಳೂ ನಮ್ಮ ಮೇಜನ್ನು ದಾಟಿಯೇ ಹೋಗಬೇಕು. ಎರಡು ಬಾಣಂತನಗಳನ್ನೂ ಕಂಡವರು ನಾವು. ಆ ಎರಡು ಅಧಿಕಾರಗಳಿಂದ ಈ ವಿಷಯವಾಗಿ ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇವೆ.

ಎರಡು ಪಕ್ಷಗಳು

ಇಂಥ ಸಂದರ್ಭದಲ್ಲಿ ಮನೆಯೊಳಗೆ ಕೂಡಲೇ ಎರಡು ಪಕ್ಷಗಳು ಹುಟ್ಟಿಕೊಳ್ಳುತ್ತವೆ. “ತುಂಬು ಬಸುರಿಯನ್ನು ಲೋಕಲ್ ರೈಲಿನಲ್ಲಿ ನೂಕುವುದೇ? ಕೆಲಸ ಹೋದರೆ ಮತ್ತೊಂದು ಬಂದೀತು” ಎನ್ನುವುದು ಒಂದು ಪಕ್ಷ. “ಈ ಕಾಲದಲ್ಲಿ ಬಂದ ಕೆಲಸವನ್ನು ಬಿಡುವವರುಂಟೇ? ಮೊದಲು ಸೇರಿಕೊಳ್ಳಲಿ, ಮುಂದಿನದನ್ನು ಮುಂದೆ ನೋಡೋಣ” ಎನ್ನುವುದು ಮತ್ತೊಂದು. ಎರಡರಲ್ಲಿಯೂ ಪ್ರೀತಿಯಿದೆ, ಎರಡರಲ್ಲಿಯೂ ಅರ್ಧ ಸತ್ಯವಿದೆ. ಆದರೆ ಎರಡು ಪಕ್ಷದವರೂ ಸಾಮಾನ್ಯವಾಗಿ ಮಾಡದೆ ಬಿಡುವ ಕೆಲಸವೊಂದುಂಟು. ಒಂದು ಕ್ಯಾಲೆಂಡರು, ಒಂದು ಪೆನ್ಸಿಲು ಹಿಡಿದು ಕುಳಿತು ದಿನಗಳನ್ನು ಎಣಿಸುವುದು ಆ ಕೆಲಸ.

ನಮ್ಮ ಈ ಲೇಖನದ ತಿರುಳೆಲ್ಲ ಇಷ್ಟೇ. ತುಂಬು ಬಸುರಿಯಾದವಳು ಹೊಸ ಕೆಲಸಕ್ಕೆ ಸೇರಬಾರದೆಂದು ಯಾವ ಕಾನೂನೂ ಹೇಳುವುದಿಲ್ಲ. ಅವಳ ಆರೋಗ್ಯ ನೆಟ್ಟಗಿದ್ದು ವೈದ್ಯರು ಒಪ್ಪಿದರೆ ಸೇರುವುದರಲ್ಲಿ ತಪ್ಪೂ ಇಲ್ಲ. ಆದರೆ ಯಾವ ದಿನ ಸೇರುತ್ತಾಳೆಂಬುದರ ಮೇಲೆ ಆರು ತಿಂಗಳ ಸಂಬಳ ನಿಂತಿರಬಹುದು. ಆ ದಿನವನ್ನು ನಿಶ್ಚಯಿಸಬೇಕಾದದ್ದು ಮುಹೂರ್ತದಿಂದಲ್ಲ, ಲೆಕ್ಕದಿಂದ.

ಹಕ್ಕು ನಡೆದು ಬಂದ ದಾರಿ

ಹೆರಿಗೆಯ ಸೌಲಭ್ಯವೆಂದರೆ ಮಾಲೀಕರ ಉದಾರತನವೆಂದು ಭಾವಿಸುವವರು ಇನ್ನೂ ಇದ್ದಾರೆ. ಹಾಗಲ್ಲ. ನಾವು ಬದುಕುತ್ತಿರುವ ಈ ಮುಂಬಯಿಯಲ್ಲಿಯೇ ಅದರ ಬೇರುಗಳಿವೆ. ಗಿರಣಿಗಳಲ್ಲಿ ದುಡಿಯುತ್ತಿದ್ದ ಹೆಂಗಸರ ಸಲುವಾಗಿ ಬಂದ ಮಸೂದೆಯನ್ನು ಬೆಂಬಲಿಸಿ ಡಾ. ಅಂಬೇಡ್ಕರರು 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಮಾತನಾಡಿದರು. ಮರುವರ್ಷ, 1929ರಲ್ಲಿ, ಮುಂಬಯಿ ಪ್ರಾಂತದ ಪ್ರಸೂತಿ ಸೌಲಭ್ಯ ಕಾಯಿದೆ ಬಂತು. ಇಡೀ ದೇಶಕ್ಕೆ ಅನ್ವಯಿಸುವ ಕಾಯಿದೆಯಾದದ್ದು 1961ರಲ್ಲಿ.

ಆ 1961ರ ಕಾಯಿದೆಯಲ್ಲಿ ಒಂದು ಷರತ್ತಿತ್ತು. ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ ಅದೇ ಮಾಲೀಕರಲ್ಲಿ 160 ದಿನ ದುಡಿದಿರಬೇಕು, ಇಲ್ಲವಾದರೆ ಸೌಲಭ್ಯವಿಲ್ಲ. ಅಂದರೆ ಆರೇಳು ತಿಂಗಳ ಬಸುರಿಯಾಗಿ ಹೊಸ ಕೆಲಸ ಹಿಡಿದವಳಿಗೆ ಬಾಗಿಲು ಮುಚ್ಚಿದಂತೆಯೇ ಸರಿ. 1988ರ ತಿದ್ದುಪಡಿ ಈ 160ನ್ನು 80ಕ್ಕೆ ಇಳಿಸಿತು. ರಜೆಯಾದರೋ ಬಹುಕಾಲ 12 ವಾರಗಳಷ್ಟೇ ಇತ್ತು. 2017ರಲ್ಲಿ ಅದು 26 ವಾರಗಳಾಯಿತು. ಈಗ 1961ರ ಕಾಯಿದೆಯ ಸ್ಥಾನಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಅದನ್ನು 2025ರ ನವೆಂಬರ್ 21ರಿಂದ ಜಾರಿಗೆ ತಂದಿದ್ದಾರೆ. ಪುಸ್ತಕದ ರಟ್ಟು ಬದಲಾಯಿತಾದರೂ 80 ದಿನ ಮತ್ತು 26 ವಾರ ಎಂಬೆರಡು ಅಂಕಿಗಳು ಹಾಗೆಯೇ ಉಳಿದಿವೆ. ಈ ಎರಡನ್ನು ನಮ್ಮ ಸೋದರಿಯರು ಮಗ್ಗಿಯಂತೆ ಬಾಯಿಪಾಠ ಮಾಡಿಟ್ಟುಕೊಳ್ಳಬೇಕು.

ಎಂಬತ್ತು ದಿನದ ಲೆಕ್ಕ

ಕಾರ್ಖಾನೆಗಳಿಗೂ, ಹತ್ತು ಅಥವಾ ಹೆಚ್ಚು ಜನ ಕೆಲಸಮಾಡುವ ಅಂಗಡಿ-ಸಂಸ್ಥೆಗಳಿಗೂ ಈ ಕಾನೂನು ಅನ್ವಯಿಸುತ್ತದೆ. ಎಣಿಕೆಯನ್ನು ಮಗು ನಿಜವಾಗಿ ಹುಟ್ಟಿದ ದಿನದಿಂದ ಹಿಡಿಯುವುದಿಲ್ಲ; ವೈದ್ಯರು ಬರೆದುಕೊಟ್ಟ ನಿರೀಕ್ಷಿತ ದಿನಾಂಕದಿಂದ ಹಿಂದಕ್ಕೆ ಹಿಡಿಯುತ್ತಾರೆ. ನಿಜವಾಗಿ ಕೆಲಸಮಾಡಿದ ದಿನಗಳು ಲೆಕ್ಕಕ್ಕೆ ಬರುತ್ತವೆ. ಕಾನೂನಿನ ಮೇರೆಗೆ ಸಂಬಳಸಹಿತವಾಗಿ ಕೊಡುವ ರಜಾದಿನಗಳೂ ಸೇರುತ್ತವೆ. ತಾನಾಗಿ ಹಾಕಿದ ರಜೆಯನ್ನು ನಂಬಿ ಕೂರಬಾರದು.

ಗರ್ಭದ ಪೂರ್ಣ ಅವಧಿ 40 ವಾರಗಳೆಂದು ಇಟ್ಟುಕೊಳ್ಳೋಣ. ವಾರಕ್ಕೆ ಆರು ದಿನ ತೆರೆಯುವ ಕಚೇರಿಯಲ್ಲಿ 80 ದಿನ ತುಂಬಲು ಹದಿಮೂರು ವಾರ ದಾಟಿ ಹದಿನಾಲ್ಕನೆಯ ವಾರ ಬೇಕು. ಕೊನೆಯ ದಿನದವರೆಗೂ ದುಡಿಯುತ್ತೇನೆಂದರೂ 26 ವಾರ ತುಂಬುವುದರೊಳಗೆ ಸೇರಿರಬೇಕಾಯಿತು. ಕೊನೆಯ ಎರಡು ವಾರ ವಿಶ್ರಾಂತಿ ಬೇಕೆಂದರೆ 24 ವಾರದೊಳಗೆ. ವಾರಕ್ಕೆ ಐದೇ ದಿನದ ಕಚೇರಿಯಾದರೆ 80 ದಿನಕ್ಕೆ ಸರಿಯಾಗಿ ಹದಿನಾರು ವಾರ ಬೇಕು. ಕೊನೆಯವರೆಗೂ ದುಡಿಯುವವಳು 24 ವಾರದೊಳಗೆ, ಎರಡು ವಾರ ಮೊದಲೇ ನಿಲ್ಲಿಸುವವಳು 22 ವಾರದೊಳಗೆ ಸೇರಿರಬೇಕು. ವಾರಕ್ಕೆರಡು ದಿನ ರಜೆಯಿರುವ ಕೆಲಸ ಸುಖದ್ದೆಂದು ನಾವು ತಿಳಿದಿರುತ್ತೇವಷ್ಟೆ. ಈ ಒಂದು ಲೆಕ್ಕದಲ್ಲಿ ಮಾತ್ರ ಆ ಸುಖಕ್ಕೆ ಎರಡು ವಾರ ಹೆಚ್ಚು ತೆರಬೇಕಾಗುತ್ತದೆ.

ಇದನ್ನು ಇಷ್ಟು ವಿಸ್ತಾರವಾಗಿ ಬರೆಯುವುದಕ್ಕೆ ಕಾರಣವುಂಟು. ನಮ್ಮ ಪರಿಚಯದ ಒಬ್ಬ ಹೆಣ್ಣುಮಗಳಿಗೆ ಖಾಸಗಿ ಸಂಸ್ಥೆಯೊಂದರಿಂದ ನೇಮಕದ ಕಾಗದ ಬಂದಾಗ 25 ವಾರ ತುಂಬಿತ್ತು. ಕೂಡಲೇ ಬಂದು ಸೇರಬಹುದೆಂದು ಅದರಲ್ಲಿತ್ತು. ಅತ್ತೆಯವರು, “ಕುಬಸ ಆಗೂತನಕಾ ಹೊಸ್ತಲಾ ದಾಟೂದು ಬ್ಯಾಡವಾ, ಅದನ್ನ ಮುಗಿಸಿಕೊಂಡ ಹೋಗು” ಎಂದರು. ಊರಿನಿಂದ ಬೀಗರು ಬರಬೇಕು, ಒಳ್ಳೆಯ ದಿನ ಸಿಗಬೇಕು, ಹೀಗೆ ಮೂರು ವಾರ ಕಳೆಯಿತು. ಹಸಿರು ಸೀರೆ, ಹಸಿರು ಬಳೆ, ಮಡಿಲ ತುಂಬ ಉಡಿ ಎಲ್ಲ ಸಾಂಗವಾಗಿ ಆಯಿತು. 28 ವಾರ ತುಂಬಿದ ಮೇಲೆ ಆಕೆ ಕೆಲಸಕ್ಕೆ ಸೇರಿದಳು. ಆರು ದಿನದ ಕಚೇರಿ. ಒಂದು ದಿನವೂ ತಪ್ಪಿಸದೆ 39 ವಾರದವರೆಗೆ ದುಡಿದಳು. ಹನ್ನೊಂದು ವಾರಕ್ಕೆ 66 ದಿನ. ಹದಿನಾಲ್ಕು ದಿನ ಕಡಿಮೆಯಾಯಿತು. ಸಂಸ್ಥೆಯವರು ಸೌಜನ್ಯದಿಂದಲೇ ಕ್ರಮಾಂಕಸಹಿತ ಕಲಮನ್ನು ತೋರಿಸಿ, ಸಂಬಳವಿಲ್ಲದ ಮೂರು ತಿಂಗಳ ರಜೆ ಕೊಟ್ಟರು. ಕಾಗದ ಬಂದ ವಾರವೇ ಸೇರಿದ್ದರೆ ಅಷ್ಟೇ ದುಡಿಮೆಗೆ 84 ದಿನ ತುಂಬುತ್ತಿತ್ತು; 26 ವಾರಗಳ ಸಂಬಳ ಮನೆಗೆ ಬರುತ್ತಿತ್ತು.

ಕುಬಸ ಮಾಡಿದ್ದು ತಪ್ಪೆಂದು ನಾವು ಹೇಳುತ್ತಿಲ್ಲ. ಸೀಮಂತವೆನ್ನಿ, ಕುಬಸವೆನ್ನಿ, ಕರಾವಳಿಯವರು ಹೇಳುವಂತೆ ಬಯಕೆಯೆನ್ನಿ, ನಮ್ಮ ನೆರೆಯ ಮರಾಠಿ ಗೆಳತಿಯರ ಡೋಹಾಳ ಜೇವಣವೆನ್ನಿ, ಇವೆಲ್ಲ ಬಸುರಿಯ ಮನಸ್ಸಿಗೆ ಧೈರ್ಯ ತುಂಬುವುದಕ್ಕಾಗಿ ಹಿರಿಯರು ಮಾಡಿಟ್ಟ ಏರ್ಪಾಡುಗಳು. ಆದರೆ ಅವನ್ನು ಭಾನುವಾರವೂ ಮಾಡಬಹುದಲ್ಲವೆ? ಕೆಲಸಕ್ಕೆ ಸೇರಿದ ಮೇಲೂ ಮಾಡಬಹುದಲ್ಲವೆ? ಹಾಗೆ ಮಾಡಿದ್ದರೆ ಹೊಸ ಕಚೇರಿಯ ನಾಲ್ಕು ಹೆಂಗಸರೂ ಬಂದು ಆರತಿ ಎತ್ತುತ್ತಿದ್ದರು.

ಕೂಲಿಯವರು, ಕರಾರಿನವರು, ವಿಮೆಯವರು

ನಾವು ಕಾಯಂ ಅಲ್ಲ, ದಿನಗೂಲಿ, ನಮಗೆಲ್ಲಿಯ ರಜೆ ಎನ್ನುವವರಿಗೆ ಒಂದು ಮಾತು. ದಿಲ್ಲಿ ಮಹಾನಗರಪಾಲಿಕೆಯ ರಸ್ತೆ ಕೆಲಸದ ಹೆಣ್ಣಾಳುಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2000ದ ಮಾರ್ಚಿನಲ್ಲಿ ತೀರ್ಪಿತ್ತು, ಮಸ್ಟರ್ ರೋಲಿನ ಮೇಲೆ ದುಡಿಯುವ ಹೆಂಗಸರಿಗೂ ಈ ಸೌಲಭ್ಯ ಸಲ್ಲಬೇಕೆಂದು ಹೇಳಿದೆ. ಇಷ್ಟು ತಿಂಗಳಿಗೆಂದು ಕರಾರಿನ ಮೇಲೆ ಸೇರಿದವಳು 80 ದಿನದ ಷರತ್ತನ್ನು ಪೂರೈಸಿದ್ದರೆ, ನಡುವೆ ಕರಾರಿನ ಅವಧಿ ಮುಗಿದುಹೋದರೂ ಸೌಲಭ್ಯ ಪೂರ್ತಿ ಸಿಕ್ಕತಕ್ಕದ್ದೆಂದು ಅದೇ ಕೋರ್ಟು 2023ರ ಆಗಸ್ಟಿನಲ್ಲಿ ಹೇಳಿತು.

ಇ.ಎಸ್.ಐ. ವಿಮೆಗೆ ಒಳಪಟ್ಟವರ ಲೆಕ್ಕ ಮಾತ್ರ ಬೇರೆ. ಅಲ್ಲಿ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ 70 ದಿನಗಳ ವಂತಿಗೆ ಸಂದಿರಬೇಕು. ಒಂದೊಂದು ಅವಧಿ ಆರು ತಿಂಗಳದು. ಹೊಸದಾಗಿ ವಿಮೆಗೆ ಸೇರಿದವಳಿಗೆ ಸೌಲಭ್ಯದ ಅವಧಿ ಆರಂಭವಾಗುವುದೇ ಒಂಬತ್ತು ತಿಂಗಳ ತರುವಾಯ. ಆದ್ದರಿಂದ ತುಂಬು ಬಸುರಿಯಾಗಿ ಜೀವನದಲ್ಲಿಯೇ ಮೊದಲ ಬಾರಿಗೆ ಇ.ಎಸ್.ಐ.ಗೆ ಸೇರಿದವಳು ಆ ಹೆರಿಗೆಗೆ ನಗದು ಸೌಲಭ್ಯವನ್ನು ಎದುರುನೋಡುವಂತಿಲ್ಲ. ವೈದ್ಯಕೀಯ ಚಿಕಿತ್ಸೆ ಮಾತ್ರ ಸೇರಿದ ದಿನದಿಂದಲೇ ಉಂಟು. ಹಿಂದಿನ ನೌಕರಿಯಲ್ಲಿ ವಿಮೆ ಇದ್ದವಳು ಆ ಹಳೆಯ ವಿಮಾ ಸಂಖ್ಯೆಯನ್ನೇ ಹೊಸ ಕಚೇರಿಯಲ್ಲಿ ಕೊಡಬೇಕು. ಹೊಸ ಸಂಖ್ಯೆ ಮಾಡಿಸಿಕೊಂಡರೆ ಹಿಂದಿನ ವಂತಿಗೆ ಒಂದು ಕಡೆ, ಈಗಿನದು ಇನ್ನೊಂದು ಕಡೆ ಬಿದ್ದು, ಎರಡನ್ನೂ ಕೂಡಿಸಲು ಅಲೆದಾಡಬೇಕಾಗುತ್ತದೆ.

ಸರ್ಕಾರಿ ನೌಕರಿಯ ಮಾತು

ನಮ್ಮ ಮೇಜಿಗೆ ಬರುವ ಪ್ರಶ್ನೆಗಳಲ್ಲಿ ಮುಖ್ಯವಾದದ್ದು: “ಸೇರಿ ಇನ್ನೂ ಎರಡು ತಿಂಗಳಾಗಿಲ್ಲ, ಪ್ರೊಬೇಷನ್ ಬೇರೆ, ರಜೆ ಕೊಡುತ್ತಾರೆಯೇ?” ಕೇಂದ್ರ ಸರ್ಕಾರದ 1972ರ ರಜಾ ನಿಯಮಗಳಲ್ಲಿ 43ನೆಯ ನಿಯಮವು ಎರಡಕ್ಕಿಂತ ಕಡಿಮೆ ಜೀವಂತ ಮಕ್ಕಳಿರುವ ಮಹಿಳಾ ನೌಕರರಿಗೆ 180 ದಿನಗಳ ಹೆರಿಗೆ ರಜೆಯನ್ನು ಕೊಡುತ್ತದೆ. ಇಷ್ಟು ದಿನ ಸೇವೆ ಸಲ್ಲಿಸಿರಬೇಕೆಂಬ ಷರತ್ತನ್ನು ಅದರಲ್ಲಿ ಹಾಕಿಲ್ಲ. ಈ ರಜೆಯನ್ನು ಗಳಿಕೆ ರಜೆಯ ಖಾತೆಯಿಂದ ಕಳೆಯುವಂತೆಯೂ ಇಲ್ಲ. ಪ್ರೊಬೇಷನ್ನಿನ ಅವಧಿ ಅಷ್ಟು ಮುಂದಕ್ಕೆ ಹೋಗಬಹುದು. ಅದರಿಂದ ನೌಕರಿಯೇನೂ ಹೋಗುವುದಿಲ್ಲ. ಮಗುವಿನ ತಂದೆ ಕೇಂದ್ರ ನೌಕರನಾಗಿದ್ದರೆ ಅವನಿಗೂ 15 ದಿನಗಳ ರಜೆಯುಂಟು. ಆ ಹದಿನೈದು ದಿನಗಳನ್ನು ಕ್ರಿಕೆಟ್ ನೋಡುವುದಕ್ಕಲ್ಲ, ಬಟ್ಟೆ ಒಗೆಯುವುದಕ್ಕೆ ಕೊಟ್ಟದ್ದೆಂದು ನಮ್ಮ ಅಭಿಪ್ರಾಯ.

ರಾಜ್ಯ ಸರ್ಕಾರಗಳ ನಿಯಮಗಳು ಒಂದೇ ಸಮನಾಗಿಲ್ಲ. ಕರ್ನಾಟಕದಲ್ಲಿ 180 ದಿನ. ತಮಿಳುನಾಡು 2021ರಲ್ಲಿ ಇದನ್ನು ಹನ್ನೆರಡು ತಿಂಗಳಿಗೆ ಏರಿಸಿತು. ಹೊಸಬರಿಗೂ ತಾತ್ಕಾಲಿಕ ನೌಕರರಿಗೂ ಸೇವಾವಧಿಯ ಷರತ್ತುಗಳು ಬೇರೆಯಾಗಿರಬಹುದು. ಚೆನ್ನೈ, ಹೈದರಾಬಾದು, ಪುಣೆಗಳಲ್ಲಿ ರಾಜ್ಯದ ನೌಕರಿಗೆ ಸೇರುವವರು ತಮ್ಮ ಊರಿನ ನಿಯಮವನ್ನು ಆ ಕಚೇರಿಯ ಸಿಬ್ಬಂದಿ ಶಾಖೆಯಲ್ಲಿಯೇ ಕೇಳಿ ಖಚಿತಪಡಿಸಿಕೊಳ್ಳುವುದು ಲೇಸು. ಪಕ್ಕದ ಮನೆಯವರ ಅನುಭವ ಪಕ್ಕದ ಮನೆಗೇ ಸರಿ.

ಸರ್ಕಾರಿ ಬಾಗಿಲು ಯಾವಾಗಲೂ ಹೀಗೆ ತೆರೆದಿರಲಿಲ್ಲ. ಹಿಂದೆ ವೈದ್ಯಕೀಯ ಪರೀಕ್ಷೆಯಲ್ಲಿ 12 ವಾರ ಮೀರಿದ ಗರ್ಭಿಣಿಯೆಂದು ಕಂಡುಬಂದವಳನ್ನು ತಾತ್ಕಾಲಿಕವಾಗಿ ಅನರ್ಹಳೆಂದು ಬರೆದು, ಹೆರಿಗೆಯಾಗಿ ಆರು ವಾರದ ಮೇಲೆ ಮತ್ತೆ ಪರೀಕ್ಷಿಸುವ ಪದ್ಧತಿಯಿತ್ತು. 1980ರ ದಶಕದಲ್ಲಿ ಕೇಂದ್ರ ಸರ್ಕಾರವು ಇದನ್ನು ಸಡಿಲಿಸಿ, ದೀರ್ಘ ತರಬೇತಿಯ ಅಗತ್ಯವಿಲ್ಲದ ಹುದ್ದೆಗಳಿಗೆ ಗರ್ಭಿಣಿಯರನ್ನು ನೇರವಾಗಿ ಸೇರಿಸಿಕೊಳ್ಳಬಹುದೆಂದಿತು. ಆದರೂ ಹಳೆಯ ಅಭ್ಯಾಸ ಸುಲಭವಾಗಿ ಹೋಗುವುದಿಲ್ಲ. ಮೂರು ತಿಂಗಳು ಮೀರಿದ ಗರ್ಭಿಣಿ ಅಭ್ಯರ್ಥಿಗಳು ಹೆರಿಗೆಯಾದ ನಂತರವೇ ಸೇರಬೇಕೆಂಬ ಸೂಚನೆಯನ್ನು ಭಾರತೀಯ ಸ್ಟೇಟ್ ಬ್ಯಾಂಕು ಹೊರಡಿಸಿದ್ದು ತೀರ ಈಚೆಗೆ. ಎಲ್ಲೆಡೆಯಿಂದ ಆಕ್ಷೇಪಣೆ ಎದ್ದು 2022ರ ಜನವರಿ ತಿಂಗಳಿನಲ್ಲಿಯೇ ಅದನ್ನು ಹಿಂತೆಗೆದುಕೊಂಡಿತು. ಗಟ್ಟಿಯಾಗಿ ಕೇಳಿದ್ದರಿಂದ ಹಿಂದಕ್ಕೆ ಹೋಯಿತೆಂಬುದನ್ನು ನೆನಪಿನಲ್ಲಿಡಬೇಕು.

ಹೇಳಬೇಕೆ, ಮುಚ್ಚಿಡಬೇಕೆ?

ಬಸುರಿನ ಸಂಗತಿಯನ್ನು ಕಚೇರಿಗೆ ಯಾವಾಗ ಹೇಳಬೇಕೆಂಬುದು ಬಹಳ ಜನರನ್ನು ಬಾಧಿಸುವ ಪ್ರಶ್ನೆ. ಇದಕ್ಕೆ ಸಂಬಂಧಿಸಿದ ಮೊಕದ್ದಮೆಯೊಂದು ತಿಳಿದಿರತಕ್ಕದ್ದು. 1989ರ ಸೆಪ್ಟೆಂಬರಿನಲ್ಲಿ ಜೀವ ವಿಮಾ ನಿಗಮದಲ್ಲಿ ಪ್ರೊಬೇಷನ್ನಿನ ಮೇಲೆ ಸಹಾಯಕಿಯಾಗಿ ಸೇರಿದ ಮಹಿಳೆಯೊಬ್ಬರಿಗೆ 1990ರ ಜನವರಿಯಲ್ಲಿ ಹೆರಿಗೆಯಾಯಿತು. ಫೆಬ್ರವರಿಯಲ್ಲಿ, ಆಕೆ ಇನ್ನೂ ರಜೆಯಲ್ಲಿರುವಾಗಲೇ, ಕೆಲಸದಿಂದ ತೆಗೆದರು. ಸೇರುವಾಗ ತುಂಬಿದ ಫಾರಂನಲ್ಲಿ ಮುಟ್ಟಿನ ತಾರೀಖನ್ನು ಸರಿಯಾಗಿ ಬರೆಯಲಿಲ್ಲವೆಂಬುದು ನಿಗಮದ ವಾದ. ಸುಪ್ರೀಂ ಕೋರ್ಟು 1991ರಲ್ಲಿ ಆಕೆಯ ಪರವಾಗಿ ತೀರ್ಪಿತ್ತಿತು. ಹೆಣ್ಣಿನ ಮುಟ್ಟು, ಗರ್ಭಗಳನ್ನು ಕುರಿತ ಅಂಥ ಪ್ರಶ್ನೆಗಳು ಮುಜುಗರದವು, ಅವಮಾನಕರವಾದವು ಎಂದೆಣಿಸಿ, ಆ ಅಂಕಣಗಳನ್ನು ಫಾರಂನಿಂದ ತೆಗೆದುಹಾಕುವುದೊಳ್ಳೆಯದೆಂದು ನಿಗಮಕ್ಕೆ ಹೇಳಿತು. ನ್ಯಾಯಾಲಯದ ಸಿಟ್ಟು ಉತ್ತರ ಬರೆದವಳ ಮೇಲಲ್ಲ, ಪ್ರಶ್ನೆ ಕೇಳಿದವರ ಮೇಲೆ ಹೋಯಿತು.

ಆದ್ದರಿಂದ ಸಂದರ್ಶನದಲ್ಲಿ ತಾನಾಗಿ ಹೇಳಲೇಬೇಕೆಂಬ ನಿರ್ಬಂಧವಿಲ್ಲವೆಂದು ನಾವು ತಿಳಿಯುತ್ತೇವೆ. ನೇಮಕದ ಕಾಗದ ಕೈಗೆ ಬಂದ ಮೇಲೆ ಮಾತ್ರ ಸೇರುವ ಮುಂಚೆಯೇ ತಿಳಿಸಿಬಿಡುವುದು ಮೇಲು. ಏಳನೆಯ ತಿಂಗಳನ್ನು ಯಾವ ಸೆರಗೂ ಮುಚ್ಚಲಾರದು. ಅಲ್ಲದೆ ಮುಂದೆ ಎರಡು ತಿಂಗಳಲ್ಲಿ ಅವರೊಡನೆಯೇ ಕುಳಿತು ರಜೆಯ ಮಾತನಾಡಬೇಕಷ್ಟೆ. ತಿಳಿಸುವಾಗ ಬಾಯಿಮಾತಿನಲ್ಲಿ ತಿಳಿಸಿ ಸುಮ್ಮನಾಗಬಾರದು. ಹೇಳಿದ್ದು ಗಾಳಿಗೆ ಹೋಗುತ್ತದೆ, ಬರೆದದ್ದು ಫೈಲಿನಲ್ಲಿ ಉಳಿಯುತ್ತದೆ. ಇದು ಗುಮಾಸ್ತೆಯ ಅನುಭವದ ಮಾತು. ನಾಲ್ಕು ಸಾಲಿನ ಕಾಗದ ಸಾಕು. ವೈದ್ಯರು ಕೊಟ್ಟ ನಿರೀಕ್ಷಿತ ದಿನಾಂಕ ಇಂಥದು. ನಾನು ಇಂಥ ದಿನ ಸೇರುತ್ತೇನೆ. ಇಂಥ ದಿನದವರೆಗೆ ಕೆಲಸಮಾಡುವ ಉದ್ದೇಶವಿದೆ. ನನಗೆ ಸಲ್ಲತಕ್ಕ ಹೆರಿಗೆ ಸೌಲಭ್ಯವನ್ನು ದಯವಿಟ್ಟು ಲಿಖಿತವಾಗಿ ತಿಳಿಸಿರಿ. ಕೇಳಲು ಸಂಕೋಚವೇಕೆ? ಹೆಂಗಸರು ಕೆಲಸಕ್ಕೆ ಸೇರುವಾಗಲೇ ಅವರ ಸೌಲಭ್ಯಗಳನ್ನು ಬರೆದು ತಿಳಿಸಬೇಕೆಂಬ ಕಲಮನ್ನು 2017ರ ತಿದ್ದುಪಡಿಯಲ್ಲಿಯೇ ಸೇರಿಸಿದ್ದರು. ಸೇರುವ ಗಡುವನ್ನು ಮುಂದಕ್ಕೆ ಹಾಕಿಸಿಕೊಳ್ಳುವುದಿದ್ದರೆ ಅದನ್ನೂ ಗಡುವು ಮುಗಿಯುವ ಮೊದಲೇ ಬರೆದು ಕೇಳಬೇಕು. ಅದರಿಂದ ಜ್ಯೇಷ್ಠತೆ ಕೆಳಗಿಳಿಯುವುದೋ ಎಂಬುದನ್ನೂ ಅದೇ ಕಾಗದದಲ್ಲಿ ಕೇಳಿಬಿಡಬೇಕು.

ಇನ್ನು ಕೆಲವನ್ನು ನೆನಪಿಡಬೇಕು. 26 ವಾರಗಳಲ್ಲಿ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ ಎಂಟು ವಾರ. ಎರಡು ಮಕ್ಕಳಿರುವವಳಿಗೆ ಒಟ್ಟು ಅವಧಿ 12 ವಾರ ಮಾತ್ರ. ಹೆರಿಗೆಯಾದ ಆರು ವಾರಗಳವರೆಗೆ ಯಾರೂ ಅವಳಿಂದ ಕೆಲಸ ಮಾಡಿಸಿಕೊಳ್ಳುವಂತಿಲ್ಲ. ಗರ್ಭಕ್ಕೆ ಕೇಡಾಗುವಂಥ ಕಠಿಣ ಕೆಲಸವನ್ನೋ ಬಹಳ ಹೊತ್ತು ನಿಲ್ಲಿಸುವ ಕೆಲಸವನ್ನೋ ಕೊನೆಯ ಹತ್ತು ವಾರಗಳಲ್ಲಿ ಕೊಡಬೇಡಿರೆಂದು ಅವಳು ಕೇಳಿಕೊಂಡರೆ ಕೊಡಕೂಡದು. ಕಾನೂನುಬದ್ಧ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವಂತಿಲ್ಲ. ಮರಳಿ ಬಂದ ಮೇಲೆ ಮಗುವಿಗೆ ಹದಿನೈದು ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆರಡು ಬಿಡುವು ಉಂಟು. ಐವತ್ತು ಜನರಿರುವ ಸಂಸ್ಥೆ ಶಿಶುವಿಹಾರದ ಏರ್ಪಾಡನ್ನೂ ಮಾಡಬೇಕು.

ರೈಲು, ಕುರ್ಚಿ, ಬುತ್ತಿ

ಕಾಗದಪತ್ರಗಳ ಮಾತು ಮುಗಿಯಿತು. ಇನ್ನು ಮೈಯ ಮಾತು. ಸೇರುವ ಮೊದಲು ವೈದ್ಯರೊಡನೆ ಕೆಲಸದ ಸ್ವರೂಪವನ್ನು ಬಿಡಿಸಿ ಹೇಳಿ ಅವರ ಒಪ್ಪಿಗೆ ಪಡೆಯಬೇಕು. ರಕ್ತದೊತ್ತಡ ಹೆಚ್ಚಿದ್ದವರು, ರಕ್ತಸ್ರಾವ ಕಂಡವರು, ಹಿಂದೆ ದಿನ ತುಂಬುವ ಮೊದಲೇ ಹೆತ್ತವರು ನೌಕರಿಯ ಆಸೆಗೆ ಬಿದ್ದು ಹಟ ಮಾಡಬಾರದು. ಅಂಥವರಿಗೆ ಗಡುವು ಮುಂದೂಡಲು ಕೇಳುವುದೇ ದಾರಿ.

ಮುಂಬಯಿಯ ಲೋಕಲಿನಲ್ಲಿ ಹೆಂಗಸರ ಡಬ್ಬದ ನೂಕುನುಗ್ಗಲು ಎಲ್ಲರಿಗೂ ಗೊತ್ತಿದ್ದದ್ದೇ. ದಿವ್ಯಾಂಗರಿಗೆಂದು ಬಿಟ್ಟ ಡಬ್ಬದಲ್ಲಿ ಗರ್ಭಿಣಿಯರೂ ಹತ್ತಬಹುದೆಂಬುದು ಮಾತ್ರ ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಅದು ಪ್ಲಾಟ್‌ಫಾರಮ್ಮಿನಲ್ಲಿ ಎಲ್ಲಿ ನಿಲ್ಲುತ್ತದೆಂಬುದನ್ನು ಮೊದಲೇ ಗುರುತು ಹಾಕಿಟ್ಟುಕೊಳ್ಳಬೇಕು. ವೈದ್ಯರ ಪತ್ರವೊಂದು ಚೀಲದಲ್ಲಿರಲಿ. ಹೊಸ ಕಚೇರಿಯಲ್ಲಿ ಅರ್ಧ ಗಂಟೆ ಮೊದಲು ಬಂದು ಅರ್ಧ ಗಂಟೆ ಮೊದಲು ಹೋಗಲು ಅನುಮತಿ ಕೇಳಿದರೆ ಬಹುಶಃ ಇಲ್ಲವೆನ್ನಲಾರರು.

ಕುರ್ಚಿಯಲ್ಲಿ ಒಂದೇ ಸಮನೆ ಕುಳಿತರೆ ಕಾಲು ಬಾಯುತ್ತದೆ. ಗಂಟೆಗೊಮ್ಮೆ ಎದ್ದು ಹತ್ತು ಹೆಜ್ಜೆ ಹಾಕಬೇಕು. ಕಾಲ ಕೆಳಗೆ ಒಂದು ಗಿಡ್ಡ ಮಣೆಯನ್ನೋ ಹಳೆಯ ಫೈಲುಗಳ ಕಟ್ಟನ್ನೋ ಇಟ್ಟುಕೊಳ್ಳಬೇಕು. ಮೂತ್ರಕ್ಕೆ ಹೋಗಬೇಕಾಗುತ್ತದೆಂದು ನೀರು ಕುಡಿಯದಿರುವುದು ಹೊಸಬರು ಸಂಕೋಚದಿಂದ ಮಾಡುವ ಕೆಲಸ. ಅದರಿಂದ ಕೇಡೇ ಹೆಚ್ಚು. ಒಂದು ದೊಡ್ಡ ಡಬ್ಬಿಯ ಬದಲು ಎರಡು ಸಣ್ಣ ಡಬ್ಬಿ ಒಯ್ಯಬೇಕು. ಒಂದರಲ್ಲಿ ಚಪಾತಿಯೋ ರೊಟ್ಟಿಯೋ ಸೊಪ್ಪಿನ ಪಲ್ಯವೋ, ಇನ್ನೊಂದರಲ್ಲಿ ಹುರಿದ ಶೇಂಗಾ, ಬೆಲ್ಲ, ಬಾಳೆಹಣ್ಣು. ಕಬ್ಬಿಣದ ಮಾತ್ರೆಯನ್ನು ಚಹದೊಡನೆ ನುಂಗಬಾರದು. ಚಹ ಅದರ ಗುಣವನ್ನು ಕೆಡಿಸುತ್ತದೆ.

ತಲೆ ಸಿಡಿಯುವಂಥ ನೋವು, ಕಣ್ಣು ಮಂಜಾಗುವುದು, ಮುಖ-ಕೈ ಬಾಯುವುದು, ರಕ್ತ ಕಾಣುವುದು, ನೀರು ಹೋಗುವುದು, ಮಗುವಿನ ಮಿಸುಕಾಟ ಕಡಿಮೆಯಾಗುವುದು, ಇವುಗಳಲ್ಲಿ ಯಾವುದಾದರೊಂದು ಕಂಡರೆ “ಇವತ್ತು ಮೀಟಿಂಗ್ ಇದೆ, ನಾಳೆ ತೋರಿಸೋಣ” ಎನ್ನಬಾರದು. ಅದೇ ಗಳಿಗೆ ಆಸ್ಪತ್ರೆಗೆ ಹೋಗಬೇಕು. ರಕ್ತದೊತ್ತಡ 140/90ನ್ನು ಮುಟ್ಟಿದರೆ ವೈದ್ಯರ ಕಣ್ಣಿನಲ್ಲಿರುವುದು ಅವಶ್ಯ. ಪಕ್ಕದ ಕುರ್ಚಿಯವಳಿಗೆ ಮನೆಯವರ ಮತ್ತು ಆಸ್ಪತ್ರೆಯ ದೂರವಾಣಿ ಸಂಖ್ಯೆಗಳನ್ನು ಸೇರಿದ ಮೊದಲ ವಾರವೇ ಬರೆದುಕೊಟ್ಟಿರಬೇಕು. ಭಾನುವಾರವಲ್ಲದೆ ಬಿಡುವಿಲ್ಲದವರಿಗೆ ತಿಳಿದಿರಲೆಂದು ಇನ್ನೊಂದು ಮಾತು: 2016ರಿಂದ ಪ್ರತಿ ತಿಂಗಳು 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯ ವ್ಯವಸ್ಥೆಯಿದೆ. ಆ ಒಂದು ದಿನಕ್ಕೆ ಮೊದಲೇ ಅನುಮತಿ ಕೇಳಿಟ್ಟುಕೊಳ್ಳಬಹುದು.

ತವರು ಇಲ್ಲಿಗೇ ಬರಲಿ

ಕಟ್ಟಕಡೆಗೆ ನಮ್ಮಂಥ ಪರಊರಿನ ಸಂಸಾರಗಳ ನಿಜವಾದ ತೊಡಕಿಗೆ ಬರೋಣ. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು, ಏಳಕ್ಕೋ ಒಂಬತ್ತಕ್ಕೋ ಮಗಳನ್ನು ಕರೆದೊಯ್ಯಬೇಕು ಎಂಬುದು ನಮ್ಮ ಸಂಪ್ರದಾಯ. ಆದರೆ ಎಂಬತ್ತು ದಿನ ತುಂಬಿಸಬೇಕಾದವಳು ಏಳಕ್ಕೆ ಹುಬ್ಬಳ್ಳಿಯ ರೈಲು ಹತ್ತುವುದು ಹೇಗೆ? ಮೂವತ್ತೊಂಬತ್ತನೆಯ ವಾರದಲ್ಲಿ ಹತ್ತುವುದಂತೂ ಅಪಾಯ.

ಸಂಪ್ರದಾಯದ ಅಕ್ಷರವನ್ನು ಬಿಟ್ಟು ಅರ್ಥವನ್ನು ಹಿಡಿದರೆ ತೊಡಕು ಸಡಿಲುತ್ತದೆ. ತವರೆಂದರೆ ಹಂಚು-ಗೋಡೆಗಳಲ್ಲ, ಕೇಳುವ ಮೊದಲೇ ಎಣ್ಣೆ ನೀರು ಕಾಯಿಸಿಡುವ ತಾಯಿ. ಆ ತಾಯಿಯೇ ಒಂದು ತಿಂಗಳ ಮೊದಲು ಇಲ್ಲಿಗೆ ಬರಲಿ. ಬರುವಾಗ ಅಂಟು, ಒಣಕೊಬ್ಬರಿ, ಉತ್ತತ್ತಿ ತರಲಿ. ಉಂಡೆ ಇಲ್ಲಿಯೂ ಕಟ್ಟಬಹುದು. ಅಳಿಯನ ಮನೆಯಲ್ಲಿ ತಿಂಗಳುಗಟ್ಟಲೆ ಇರುವುದು ಹೇಗೆಂದು ಆಕೆ ಹಿಂಜರಿದರೆ ಆ ಹಿಂಜರಿಕೆಯನ್ನು ಕಳೆಯಬೇಕಾದವನು ಅಳಿಯ. ಕರೆಯುವ ಮಾತು ಮಗಳ ಬಾಯಿಂದಲ್ಲ, ಅವನ ಬಾಯಿಂದ ಬರಬೇಕು. “ಅತ್ತಿಯವರೇ, ನೀವು ಬಂದರೆ ನಮಗೆ ಆನೆಬಲ” ಎಂದು ಒಂದು ಮಾತು ಹೇಳಿದರೆ ಅವನ ಗಂಟೇನೂ ಹೋಗುವುದಿಲ್ಲ. ಅತ್ತೆಯವರೂ ತಾಯಿಯವರೂ ಒಟ್ಟಿಗೆ ಬಂದರೆ ಅಡಿಗೆಮನೆ ಸಾಲದೆ ಹೋಗಬಹುದು. ಒಬ್ಬರಾದ ಮೇಲೊಬ್ಬರು ಮೂರು ಮೂರು ತಿಂಗಳು ಬಂದರೆ ಆರು ತಿಂಗಳ ರಜೆಯೂ ಮುಗಿಯುತ್ತದೆ, ಬಾಂಧವ್ಯವೂ ಉಳಿಯುತ್ತದೆ.

ಹೆರಿಗೆಯಾದ ಮೇಲೆ ಮಗುವಿನೊಡನೆ ತವರಿಗೆ ಹೋಗಿ ಬರಲು ಯಾರ ಅಡ್ಡಿಯೂ ಇಲ್ಲ. ವೈದ್ಯರು ಒಪ್ಪಿದ ಕಾಲದಲ್ಲಿ ಮೊದಲೇ ಪ್ರಯಾಣ ಮಾಡುವುದಿದ್ದರೆ ರೈಲಿನಲ್ಲಿ ಗರ್ಭಿಣಿಯರಿಗೆ ಕೆಳಗಿನ ಬರ್ತುಗಳ ಮೀಸಲಾತಿಯುಂಟೆಂಬುದನ್ನು ತಿಳಿದು ವೈದ್ಯರ ಪತ್ರ ತೋರಿಸಿ ಕೇಳಬೇಕು. ತಾಯಿ ಕಾರ್ಡೂ ರಕ್ತಪರೀಕ್ಷೆಯ ಕಾಗದಗಳೂ ಪೆಟ್ಟಿಗೆಯ ತಳದಲ್ಲಲ್ಲ, ಕೈಚೀಲದಲ್ಲಿರಬೇಕು.

ತವರೂ ಅತ್ತೆಮನೆಯೂ ಬರಲಾರದ ಸಂಸಾರಗಳೂ ನಮ್ಮಲ್ಲಿವೆ. ಅವರಿಗೆ ಸಂಘವೇ ತವರಾಗಬಾರದೇಕೆ? ಪ್ರತಿವರ್ಷ ರಾಜ್ಯೋತ್ಸವಕ್ಕೆ ನಾಟಕವಾಡುತ್ತೇವೆ, ಹೋಳಿಗೆಯೂಟ ಮಾಡುತ್ತೇವೆ, ಬಹಳ ಸಂತೋಷ. ಅದರೊಡನೆ ಒಂದು ಪುಟ್ಟ ದಫ್ತರವನ್ನೂ ಇಡಬಹುದು. ಯಾವ ಉಪನಗರದಲ್ಲಿ ಯಾವ ಹಿರಿಯ ತಾಯಂದಿರು ದಿನಕ್ಕೆರಡು ಗಂಟೆ ಬಾಣಂತಿಯ ಹತ್ತಿರ ಕೂರಬಲ್ಲರು, ಯಾರ ಮನೆಯ ತೊಟ್ಟಿಲು ಅಟ್ಟದ ಮೇಲೆ ಸುಮ್ಮನೆ ಬಿದ್ದಿದೆ, ನಡುರಾತ್ರಿ ಆಸ್ಪತ್ರೆಗೆ ಹೋಗಬೇಕಾದರೆ ಯಾರ ವಾಹನವನ್ನು ಕರೆಯಬಹುದು, ಎಂಬ ಮೂರು ಅಂಕಣಗಳಿದ್ದರೆ ಸಾಕು. ಅಂಕಣ ಗೆರೆಯುವ ಕೆಲಸ ನಮಗೆ ಬರುತ್ತದೆ. ದಫ್ತರವನ್ನು ಬರೆದಿಡಲು ನಾವು ಸಿದ್ಧರಿದ್ದೇವೆ. ಹೆಸರು ಕೊಡುವವರು ಮುಂದೆ ಬರಬೇಕು.

ಮಗು ಬರುವ ಮನೆಗೆ ಅನ್ನದ ದಾರಿಯೂ ಅದೇ ಹೊತ್ತಿಗೆ ತೆರೆದರೆ ಅದನ್ನು ಅಡಚಣೆಯೆಂದು ಕರೆಯುವುದು ಸರಿಯಲ್ಲ. ಅಂಥ ಮನೆಯವರು ಮೊದಲು ಕಾಗದವನ್ನು ಕೊನೆಯ ಸಾಲಿನವರೆಗೆ ಓದಲಿ, ವೈದ್ಯರನ್ನು ಕೇಳಲಿ, ದಿನಗಳನ್ನು ಎಣಿಸಲಿ, ಎಣಿಸಿದ್ದನ್ನು ಬರೆದು ಕಚೇರಿಗೆ ಕೊಡಲಿ. ಕುಬಸಕ್ಕೆ ಭಾನುವಾರವೊಂದನ್ನು ಗೊತ್ತುಮಾಡಿ ನಮಗೂ ಕರೆ ಕಳಿಸಲಿ. ಹಸಿರು ಬಳೆಗಳನ್ನು ತೆಗೆದುಕೊಂಡು ಬರುತ್ತೇವೆ.